ಸಂಪಾದಕರ ಉತ್ತರ: ‘ಮಣ್ಣಾಗ ಆಡಸಾಕ ಸಾಲಿ ಬೇಕೇನು?’

ಬೆಟಗೇರಿಯ ಓದುಗರೊಬ್ಬರು ಬರೆದ ಪತ್ರದ ಸಾರ ಇಷ್ಟು. ಅವರ ಮಗಳಿಗೆ ನಾಲ್ಕೂವರೆ ವರ್ಷ, ಈ ಜೂನ್‌ನಲ್ಲಿ ಎಲ್‌ಕೆಜಿ ಸೇರಿದ್ದಾಳೆ. ಮನೆಯಲ್ಲಿ ಮಗ್ಗ ಇದೆ. ಫೀ ಕಂತಿನಲ್ಲಿ ಕಟ್ಟುತ್ತಾರೆ. ಶಾಲೆಯವರು ವಾರಕ್ಕೊಮ್ಮೆ ಚಟುವಟಿಕೆಗಳ ಹಾಳೆ ಕಳಿಸುತ್ತಾರೆ. ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ವಾರದ ಹಾಳೆಯಲ್ಲಿ ಹೀಗಿತ್ತಂತೆ: ಸೋಮವಾರ ಕಾಳು ಆರಿಸುವುದು, ಮಂಗಳವಾರ ‘ಬ’ ಸದ್ದಿನ ಸಾಮಾನು, ಬುಧವಾರ ನೀರಾಟ, ಗುರುವಾರ ಸಂತೆ, ಶುಕ್ರವಾರ ಮಣ್ಣಿನ ಎತ್ತು ಮಾಡುವುದು, ಶನಿವಾರ ಕಥೆ. ನೋಟ್‌ಬುಕ್ಕಿನಲ್ಲಿ ಮಾತ್ರ ಒಂದಕ್ಷರವೂ ಇಲ್ಲ. ಪಕ್ಕದ ಮನೆಯ ಅದೇ ವಯಸ್ಸಿನ ಹುಡುಗ ಬೇರೆ ಶಾಲೆಯಲ್ಲಿ ನೂರರವರೆಗೆ ಬರೆಯುತ್ತಾನೆ. ‘ದುಡ್ಡ ಕೊಟ್ಟು ಮಣ್ಣಾಗ ಆಡಸಾಕ ಸಾಲಿ ಬೇಕೇನು?’ ಎಂದು ಅತ್ತೆ ಕೇಳುತ್ತಾರೆ. ಅದಕ್ಕೆ ಈ ತಾಯಿ ದಿನಾ ಸಂಜೆ ಮಗಳನ್ನು ಕೂರಿಸಿ ಒಂದು ಪುಟ ಬರೆಸುತ್ತಾರೆ, ಮಗಳು ಅಳುತ್ತಾಳೆ. ಶಾಲೆ ಬದಲಿಸಬೇಕೇ, ಕಾಪಿ ಪುಸ್ತಕ ತರಬೇಕೇ, ಒಂದನೇ ತರಗತಿಗೆ ಸೇರಿಸುವಾಗ ಪರೀಕ್ಷೆ ಇಟ್ಟರೆ ಗತಿ ಏನು ಎಂಬುದು ಅವರ ಪ್ರಶ್ನೆ.

ಸಹೋದರಿ, ಶರಣು.

ಮೊದಲು ಸಂಜೆಯ ಆ ಒಂದು ಪುಟ ನಿಲ್ಲಿಸಿ, ಇವತ್ತಿನಿಂದಲೇ. ನಿಮ್ಮ ಮಗಳು ಹಟಕ್ಕೆ ಅಳುತ್ತಿಲ್ಲ, ಕೈ ಸೋತು ಅಳುತ್ತಿದ್ದಾಳೆ. ದೊಡ್ಡವರ ಮಣಿಕಟ್ಟಿನಲ್ಲಿ ಎಂಟು ಸಣ್ಣ ಎಲುಬುಗಳಿವೆ. ಹುಟ್ಟುವಾಗ ಅವೆಲ್ಲ ಮೆತ್ತಗಿನ ಮೃದ್ವಸ್ಥಿ. ವರ್ಷ ಕಳೆದಂತೆ ಒಂದೊಂದಾಗಿ ಗಟ್ಟಿಯಾಗುತ್ತ ಬರುತ್ತವೆ. ನಾಲ್ಕೂವರೆ ವರ್ಷದ ಮಗುವಿನ ಕೈಯ ಎಕ್ಸ್‌ರೇ ತೆಗೆದರೆ ಅವುಗಳಲ್ಲಿ ಸುಮಾರು ಅರ್ಧದಷ್ಟೇ ಕಾಣುತ್ತವೆ. ಬೆರಳಿನ ಸಣ್ಣ ಸ್ನಾಯುಗಳೂ ಇನ್ನೂ ಬಲಿಯುತ್ತಿರುವ ಕಾಲ ಇದು. ಆ ಕೈಯಿಂದ ನಾಲ್ಕು ಗೆರೆಯ ನಡುವೆ ಇಡೀ ಪುಟ ಬರೆಸಿದರೆ ಮಗು ಪೆನ್ಸಿಲನ್ನು ಮುಷ್ಟಿಯಲ್ಲಿ ಅವುಚಿ ಹಿಡಿಯುವುದನ್ನು ಕಲಿಯುತ್ತದೆ, ಬರೆಯುವುದೆಂದರೆ ಶಿಕ್ಷೆ ಎಂಬುದನ್ನೂ ಕಲಿಯುತ್ತದೆ. ಎರಡನ್ನೂ ಆಮೇಲೆ ಬಿಡಿಸುವುದು ಕಷ್ಟ.

ಈಗ ನೀವು ಕಳಿಸಿದ ಹಾಳೆಗೆ ಬರುತ್ತೇನೆ. ಅದನ್ನು ಓದಿ ನನಗೆ ಸಂತೋಷವಾಯಿತು. ಯಾಕೆ ಎಂದು ದಿನ ಹಿಡಿದೇ ಹೇಳುತ್ತೇನೆ, ಅತ್ತೆಯವರಿಗೂ ಓದಿ ಹೇಳಿ.

ಸೋಮವಾರದ ಕಾಳು. ಒಂದು ತಾಟಿನಲ್ಲಿ ಶೇಂಗಾ, ಹೆಸರು, ಕಡಲಿ, ಜೋಳ ಬೆರೆಸಿ ಇಟ್ಟು ಬೇರೆ ಬೇರೆ ಬಟ್ಟಲಿಗೆ ಹಾಕಿಸಿದ್ದಾರೆ. ಇದು ಗಣಿತದ ಮೊದಲ ಪಾಠ. ಯಾವುದು ಯಾವುದರ ಹಾಗಿದೆ, ಯಾವುದು ಬೇರೆ ಎಂದು ತಿಳಿಯದ ಮಗುವಿಗೆ ಎಣಿಸುವುದಕ್ಕೇ ಏನೂ ಇರುವುದಿಲ್ಲ. ಆರಿಸಿದ ಮೇಲೆ ಎಣಿಕೆ ಬರುತ್ತದೆ, ಅಲ್ಲಿ ನಾವು ದೊಡ್ಡವರು ಗಮನಿಸದ ಮೆಟ್ಟಿಲುಗಳಿವೆ. ಒಂದು ಕಾಳಿಗೆ ಒಂದೇ ಸಂಖ್ಯೆ ಹೇಳಬೇಕು. ಎಷ್ಟೋ ಮಕ್ಕಳು ಬಾಯಲ್ಲಿ ಬೇಗ ಓಡುತ್ತಾರೆ, ಬೆರಳು ಹಿಂದೆ ಉಳಿಯುತ್ತದೆ. ಆಮೇಲೆ, ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಎಷ್ಟು ಎಂಬುದಕ್ಕೆ ಉತ್ತರ ಎಂದು ತಿಳಿಯಬೇಕು. ‘ಒಂದು, ಎರಡು, ಮೂರು, ನಾಲ್ಕು, ಐದು’ ಎಂದು ಎಣಿಸಿದ ಮಗುವಿಗೆ ‘ಹಂಗಾರ ಎಷ್ಟ ಅದಾವು?’ ಎಂದು ಕೇಳಿ ನೋಡಿ. ಅದು ತಿಳಿಯದಿದ್ದರೆ ಮತ್ತೆ ಒಂದರಿಂದ ಶುರು ಮಾಡುತ್ತದೆ. ಐದು ಕಾಳನ್ನು ದೂರ ದೂರ ಸಾಲಾಗಿ ಇಟ್ಟು, ಕೆಳಗೆ ಇನ್ನೈದನ್ನು ಒತ್ತೊತ್ತಾಗಿ ಇಟ್ಟರೆ ಉದ್ದದ ಸಾಲಿನಲ್ಲೇ ಹೆಚ್ಚಿವೆ ಎಂದು ಈ ವಯಸ್ಸಿನ ಬಹಳ ಮಕ್ಕಳು ಹೇಳುತ್ತವೆ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಮಕ್ಕಳನ್ನು ಕೂರಿಸಿಕೊಂಡು ಇಂಥವನ್ನೇ ಕೇಳಿ ನೋಡಿ ಬರೆದಿಟ್ಟರು. ಹೇಳಿಕೊಟ್ಟ ಮಾತ್ರಕ್ಕೆ ಇದು ಬರುವುದಿಲ್ಲ. ಕೈಯಿಂದ ಸರಿಸಿ, ಕೂಡಿಸಿ, ಬಿಡಿಸಿ ನೋಡುತ್ತ ಬರುತ್ತದೆ.

ಪಕ್ಕದ ಮನೆಯ ಹುಡುಗನ ಬಗ್ಗೆ ಒಂದು ಮಾತು. ಅವನು ನೂರರವರೆಗೆ ಬರೆಯುವುದನ್ನು ನಾನು ಕೀಳಾಗಿ ಕಾಣುವುದಿಲ್ಲ. ಅವನ ಮನೆಯವರೂ ಮಗನ ಒಳಿತಿಗೇ ಮಾಡಿಸುತ್ತಿದ್ದಾರೆ. ಆದರೆ ಅವನಿಗೆ ‘ಒಳಗಿಂದ ಏಳು ಚಮಚ ತಗೊಂಡ ಬಾ’ ಎಂದು ಹೇಳಿದರೆ ಏಳನ್ನೇ ತರುತ್ತಾನೋ ಎಂಬುದರಿಂದ ಅವನಿಗೆ ಲೆಕ್ಕ ಎಷ್ಟು ಬರುತ್ತದೆಂದು ತಿಳಿಯುತ್ತದೆ. ಸರ್ಕಾರದ ಅಪೇಕ್ಷೆಯೂ ನೀವು ಹೆದರಿದಷ್ಟಿಲ್ಲ. 2021ರಲ್ಲಿ ಶುರುವಾದ ನಿಪುಣ್ ಭಾರತ್ ಯೋಜನೆ ಒಂದನೇ ತರಗತಿಗೆ ಮುಂಚಿನ ವರ್ಷಕ್ಕೆ ಇಟ್ಟ ಗುರಿ 10ರವರೆಗಿನ ಅಂಕಿ ಗುರುತಿಸಿ ಓದುವುದು. 99ರವರೆಗೆ ಓದಿ ಬರೆಯುವುದು ಒಂದನೇ ತರಗತಿಯದು. ಮೂರನೇ ತರಗತಿ ಮುಗಿಯುವಷ್ಟರಲ್ಲಿ ಮಗು ಅರ್ಥ ಮಾಡಿಕೊಂಡು ಓದಬೇಕು, ಸರಳ ಲೆಕ್ಕ ಮಾಡಬೇಕು ಎಂಬುದು ಇಡೀ ಯೋಜನೆಯ ಉದ್ದೇಶ.

ಸೋಮವಾರದ ಚಟುವಟಿಕೆಯಲ್ಲಿ ನನಗೆ ಒಂದು ಆತಂಕ ಇದೆ, ಅದನ್ನು ನೀವು ಅಕ್ಕೋರಿಗೆ (ಶಿಕ್ಷಕಿಗೆ) ಹೇಳಬೇಕು. ಹೆಸರುಕಾಳು ಮಕ್ಕಳ ಮೂಗಿಗೆ ಹೋಗುತ್ತದೆ, ಶೇಂಗಾ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಕಾಳು ಕೊಟ್ಟು ಅಕ್ಕೋರು ಬೇರೆ ಕೆಲಸಕ್ಕೆ ಎದ್ದುಹೋಗಬಾರದು. ಚೆಂದ ಕಾಣುತ್ತದೆಂದು ಗುಲಗಂಜಿಯನ್ನಂತೂ ತಾಟಿಗೆ ಹಾಕಲೇಬಾರದು, ಅಗಿದು ನುಂಗಿದರೆ ಅದು ವಿಷ.

ಮಂಗಳವಾರ ಮನೆಯಿಂದ ‘ಬ’ ಸದ್ದಿನ ಸಾಮಾನು ತರಲು ಹೇಳಿದ್ದರು, ನಿಮ್ಮ ಮಗಳು ಬದನಿಕಾಯಿ ಒಯ್ದಿದ್ದಳು ಎಂದು ಬರೆದಿದ್ದೀರಿ. ಉಳಿದವರು ಬಳಿ, ಬುಟ್ಟಿ, ಬಾಚಣಿಕಿ ತಂದಿರಬೇಕು. ಕನ್ನಡದ ಮಗು ಓದು ಕಲಿಯುವ ದಾರಿ ಕಿವಿಯಿಂದ ಶುರುವಾಗುತ್ತದೆ. ಬ-ದ-ನಿ-ಕಾ-ಯಿ ಎಂದು ಐದು ಸಲ ಚಪ್ಪಾಳೆ ತಟ್ಟಬಲ್ಲ ಮಗುವಿಗೆ ಮಾತಿನೊಳಗೆ ತುಂಡುಗಳಿವೆ ಎಂಬುದು ಗೊತ್ತಾಗಿದೆ; ನಮ್ಮ ಲಿಪಿಯಲ್ಲಿ ಒಂದೊಂದು ತುಂಡಿಗೆ ಒಂದೊಂದು ಅಕ್ಷರ ಎಂಬುದು ಆಮೇಲೆ ತಾನಾಗಿ ಕೂಡಿಕೊಳ್ಳುತ್ತದೆ. 34 ವ್ಯಂಜನಗಳಿಗೆ ಕಾಗುಣಿತ ಹಚ್ಚಿದರೆ ನಾನೂರಕ್ಕೂ ಹೆಚ್ಚು ಆಕಾರಗಳಾಗುತ್ತವೆ, ಒತ್ತಕ್ಷರ ಬೇರೆ. ಇಷ್ಟನ್ನು ಕಣ್ಣು ಮತ್ತು ಕೈಯ ಬಲದ ಮೇಲೆ ಉರು ಹೊಡೆಯುವುದು ದೊಡ್ಡವರಿಗೂ ಆಗದು. ಕಿವಿ ತಯಾರಾದ ಮಗು ವರ್ಷಗಟ್ಟಲೆ ನಡೆಯುವ ಆ ಕಲಿಕೆಯನ್ನು ಬೇಸರವಿಲ್ಲದೆ ಮಾಡುತ್ತದೆ. ಮಗಳು ‘ಮನಿ’, ‘ಬ್ಯಾಳಿ’ ಎಂದರೆ ತರಗತಿಯಲ್ಲಿ ತಿದ್ದುತ್ತಾರೋ ಕೇಳಿ. ಈ ವಯಸ್ಸಿನಲ್ಲಿ ತಿದ್ದಬಾರದು. 2022ರ ಅಕ್ಟೋಬರ್‌ನಲ್ಲಿ ಬಂದ ಬುನಾದಿ ಹಂತದ (ಮೂರರಿಂದ ಎಂಟು ವರ್ಷದ ಮಕ್ಕಳ) ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಮನೆಮಾತಿನಲ್ಲೇ ಕಲಿಸಿ ಎನ್ನುತ್ತದೆ. ನಿಮ್ಮ ಅತ್ತೆ ಆಡುವ ಮಾತೇ ಆಕೆಯ ಮನೆಮಾತು.

ಬುಧವಾರದ ನೀರಾಟಕ್ಕೆ ‘ನಳ ಬರದ ಊರಾಗ ನೀರ ಚೆಲ್ಲಸ್ತಾರ’ ಎಂದು ನೀವು ಬೇಸರಪಟ್ಟಿದ್ದೀರಿ. ಆ ಬೇಸರ ನ್ಯಾಯವಾದದ್ದು. ಒಂದು ಬೋಗುಣಿ ನೀರು ಸಾಕು, ಆಟ ಮುಗಿದ ಮೇಲೆ ಗಿಡಕ್ಕೆ ಹಾಕಿಸಲಿ. ಸ್ಟೀಲಿನ ಬಟ್ಟಲು ಖಾಲಿ ಇದ್ದಾಗ ತೇಲಿ, ನೀರು ತುಂಬಿದರೆ ಮುಳುಗುವುದನ್ನು ನೋಡಿದ ಮಗು ಮನೆಗೆ ಬಂದು ‘ಯಾಕ?’ ಎಂದು ಕೇಳಿದರೆ ಆ ದಿನ ಸಾರ್ಥಕ.

ಗುರುವಾರದ ಸಂತೆಯಾಟವನ್ನು ಬರೀ ಆಟ ಎಂದು ತಳ್ಳಿಹಾಕಬೇಡಿ. ಕಾಯಿಪಲ್ಲೆ ಮಾರುವವಳಾಗಿ ಕೂತ ಮಗು ಆಟ ಮುಗಿಯುವವರೆಗೆ ಮಾರುವವಳಾಗಿಯೇ ಇರಬೇಕು. ಮನಸ್ಸಾದಾಗ ಎದ್ದು ಓಡುವಂತಿಲ್ಲ, ಗೆಳತಿ ತಕ್ಕಡಿ ಕೇಳಿದರೆ ಕೊಡಬೇಕು, ತನ್ನ ಪಾಳಿ ಬರುವವರೆಗೆ ತಡೆಯಬೇಕು. ನಾಲ್ಕು ವರ್ಷದ ಮಗು ‘ಕೈಕಟ್ಟಿ ಕೂಡು’ ಎಂದರೆ ಎರಡು ನಿಮಿಷ ಕೂರುವುದಿಲ್ಲ, ಅದೇ ಮಗು ಸಂತೆಯಲ್ಲಿ ಅರ್ಧ ತಾಸು ಕೂರುತ್ತದೆ. ತನ್ನನ್ನು ತಾನು ಹಿಡಿದುಕೊಳ್ಳುವ ಈ ಅಭ್ಯಾಸವಿಲ್ಲದೆ ಮುಂದೆ ಯಾವ ಪಾಠಕ್ಕೂ ಗಮನ ಕೂಡುವುದಿಲ್ಲ. ‘ಎಷ್ಟಕ್ಕ ಪಾವ ಕಿಲೋ?’, ‘ತುಟ್ಟಿ ಆತು, ಕಡಿಮಿ ಮಾಡ್ರಿ’ ಎಂದು ಪೂರ್ತಿ ವಾಕ್ಯಗಳಲ್ಲಿ ಮಾತಾಡುವುದೂ ಅಲ್ಲೇ ಆಗುತ್ತದೆ. ಮನೆಯಲ್ಲಿ ಬಾಯಿ ಬಿಡದ ಮಕ್ಕಳು ಸಂತೆಯಲ್ಲಿ ಮಾತಾಡುತ್ತವೆ.

ಇನ್ನು ಶುಕ್ರವಾರದ ಮಣ್ಣು, ನಿಮ್ಮ ಮನೆಯ ಜಗಳದ ಮೂಲ. ಫ್ರಾಕಿನ ಕಲೆ ತೊಳೆಯುವ ಕಷ್ಟ ನನಗೆ ಅರ್ಥವಾಗುತ್ತದೆ. ನಮ್ಮ ಎರಿಮಣ್ಣು (ಕಪ್ಪು ಮಣ್ಣು) ಬಟ್ಟೆಗೆ ಹತ್ತಿದರೆ ಸುಲಭಕ್ಕೆ ಬಿಡುವುದಿಲ್ಲ. ಆ ದಿನ ಹಳೆಯ ಅಂಗಿ ಹಾಕಿ ಕಳಿಸಿ ಎಂದು ಶಾಲೆ ಮೊದಲೇ ಹೇಳಬೇಕಿತ್ತು. ಆದರೆ ನೀವು ಸಂಜೆ ಪೆನ್ಸಿಲಿನಿಂದ ಮಾಡಿಸಲು ಹೊರಟಿದ್ದನ್ನು ಆ ಮಣ್ಣು ಹಗಲಲ್ಲೇ ಮಾಡಿದೆ. ಮಣ್ಣು ನಾದುವಾಗ ಅಂಗೈ, ಕೊಂಬು ತಿದ್ದುವಾಗ ಹೆಬ್ಬೆರಳು ತೋರುಬೆರಳು, ಇಣಿ (ಬೆನ್ನ ಮೇಲಿನ ಡುಬ್ಬ) ಎಬ್ಬಿಸುವಾಗ ಬೆರಳ ತುದಿ ದುಡಿಯುತ್ತವೆ. ಪೆನ್ಸಿಲ್ ಹಿಡಿಯುವುದೂ ಅವೇ ಬೆರಳುಗಳು. ಎತ್ತಿಗೆ ಎಷ್ಟು ಕಾಲು, ಎಷ್ಟು ಕೊಂಬು, ಜೋಡಿ ಎಂದರೆ ಎಷ್ಟು ಎಂಬ ಲೆಕ್ಕವೂ ಅದರಲ್ಲೇ ಬಂತು. ಎರಡು ದಿನ ಬಿಟ್ಟು ಆ ಎತ್ತು ಒಣಗಿ ಬಿರುಕು ಬಿಟ್ಟಿದ್ದರೆ ಮಗಳು ಅತ್ತಿರಬಹುದು. ನೀರು ಆರಿದಂತೆ ಎರಿಮಣ್ಣು ಕುಗ್ಗಿ ಒಡೆಯುತ್ತದೆ, ಬೇಸಿಗೆಯಲ್ಲಿ ನಮ್ಮ ಹೊಲಗಳು ಬಾಯಿ ಬಿಡುವುದೂ ಅದಕ್ಕೇ ಎಂದು ಆಗ ತೋರಿಸಿ. ಬೇರೆ ಊರಿನ ಮಗುವಿಗೆ ಪುಸ್ತಕದಲ್ಲಿ ಸಿಗುವುದು ನಿಮ್ಮ ಮಗಳಿಗೆ ಅಂಗೈಯಲ್ಲೇ ಸಿಕ್ಕಿದೆ.

ಅತ್ತೆಯವರಿಗೆ ನಾನು ಗೌರವದಿಂದ ಒಂದು ಮಾತು ಕೇಳುತ್ತೇನೆ. ಆಷಾಢದ ಮಂಗಳವಾರ ಮಣ್ಣಿನಿಂದ ಗುಳ್ಳವ್ವ ದೇವಿಯನ್ನು ಮಾಡಿ ಕೂರಿಸಿದ್ದು ಅವರಿಗೆ ನೆನಪಿರಬಹುದು. ಈ ಸಲ ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಮಾಡಲಿ, ಗುಲಗಂಜಿ ಬಿಟ್ಟು ಕುಸುಬಿ ಕಾಳು ಹಚ್ಚಲಿ. ಶಾಲೆಯ ಅಕ್ಕೋರಿಗಿಂತ ಚೆನ್ನಾಗಿ ಅವರು ಕಲಿಸಬಲ್ಲರು.

ಇದೆಲ್ಲ ಈಗಿನವರ ಫ್ಯಾಷನ್ ಎಂಬ ಅನುಮಾನ ನಿಮ್ಮ ಪತ್ರದಲ್ಲಿದೆ. ಗುಜರಾತಿನ ಗಿಜುಭಾಯಿ ಬಧೇಕಾ ವಕೀಲಿ ಬಿಟ್ಟು ಭಾವನಗರದಲ್ಲಿ ಬಾಲಮಂದಿರ ಎಂಬ ಚಿಕ್ಕ ಮಕ್ಕಳ ಶಾಲೆ ತೆರೆದದ್ದು 1920ರಲ್ಲಿ. ಅವರ ಜೊತೆ ದುಡಿದ ತಾರಾಬಾಯಿ ಮೋಡಕ್ ಮುಂದೆ ಮಹಾರಾಷ್ಟ್ರದ ಬೋರ್ಡಿ, ಕೋಸಬಾಡಗಳಲ್ಲಿ ಬಡವರ, ಆದಿವಾಸಿಗಳ ಮಕ್ಕಳಿಗೆ ಶಾಲೆ ನಡೆಸಿದರು. ದುಬಾರಿ ಸಾಮಾನು ಕೊಳ್ಳಲಾಗದ ಕಡೆ ಬೀಜ, ಎಲೆ, ಕಲ್ಲು, ಮಣ್ಣುಗಳನ್ನೇ ಪಾಠದ ಸಾಮಾನು ಮಾಡಿಕೊಂಡರು. 1975ರ ಅಕ್ಟೋಬರ್ 2ರಂದು ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳಲ್ಲೂ ಕಲಿಕೆ ಆಟದ ಮೂಲಕವೇ. ಕರ್ನಾಟಕದ ಅಂಗನವಾಡಿಗಳ ಶಾಲಾಪೂರ್ವ ಶಿಕ್ಷಣ ಕಾರ್ಯಕ್ರಮದ ಹೆಸರು ‘ಚಿಲಿಪಿಲಿ’. ನಿಮ್ಮ ಓಣಿಯ ಅಂಗನವಾಡಿಗೆ ಒಮ್ಮೆ ಹೋಗಿ ನೋಡಿ. ನೀವು ಕಂತು ಕಟ್ಟಿ ಪಡೆಯುತ್ತಿರುವುದರಲ್ಲಿ ಎಷ್ಟೋ ಅಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ಇದನ್ನು ಹೇಳದಿದ್ದರೆ ನಿಮ್ಮ ದುಡ್ಡಿನ ಚಿಂತೆಗೆ ನಾನು ಉತ್ತರ ಕೊಟ್ಟಂತಾಗುವುದಿಲ್ಲ.

ನಿಮ್ಮದು ನೇಯ್ಗೆಯ ಮನೆ. ಮಗ್ಗಕ್ಕೆ ಹಾಸಿನ ಎಳೆ ಹೂಡುವ ದಿನಗಳಲ್ಲಿ ಸೀರೆ ಕಣ್ಣಿಗೆ ಕಾಣುವುದಿಲ್ಲವೆಂದು ನೀವು ಅದನ್ನು ಬಿಟ್ಟುಬಿಡುವುದಿಲ್ಲವಲ್ಲ.

ಹಾಗೆಂದು ಶಾಲೆಯನ್ನು ಕಣ್ಣುಮುಚ್ಚಿ ನಂಬಿ ಎನ್ನುತ್ತಿಲ್ಲ. ಹಾಳೆಯಲ್ಲಿ ಚೆಂದ ಬರೆದು ತರಗತಿಯಲ್ಲಿ ಮಕ್ಕಳನ್ನು ಸುಮ್ಮನೆ ಬಿಟ್ಟರೆ ಅದು ಮೋಸ. ಕಾಳು ಆರಿಸುವ ಮಗುವಿನ ಪಕ್ಕ ಕೂತು ‘ಇದನ್ನ ಇಲ್ಲಿ ಯಾಕ ಹಾಕಿದಿ?’ ಎಂದು ಕೇಳುವವರು ಇದ್ದರೆ ಮಾತ್ರ ಆಟ ಪಾಠವಾಗುತ್ತದೆ. ಒಬ್ಬ ಅಕ್ಕೋರಿಗೆ ಎಷ್ಟು ಮಕ್ಕಳು ಎಂದು ಕೇಳಿ. ಚಿಕ್ಕ ಮಕ್ಕಳ ಆರೈಕೆ ಮತ್ತು ಶಿಕ್ಷಣದ 2013ರ ರಾಷ್ಟ್ರೀಯ ನೀತಿ ಮೂರರಿಂದ ಆರು ವರ್ಷದ 20 ಮಕ್ಕಳಿಗೆ ಒಬ್ಬರು ದೊಡ್ಡವರು ಇರಬೇಕೆನ್ನುತ್ತದೆ. ನಲವತ್ತು ಮಕ್ಕಳನ್ನು ಒಬ್ಬರೇ ಸಂಭಾಳಿಸುತ್ತಿದ್ದರೆ ತಪ್ಪು ಆ ಅಕ್ಕೋರದಲ್ಲ, ಆಡಳಿತ ಮಂಡಳಿಯದು. ಪಾಲಕರು ಕೂಡಿ ಹೋಗಿ ಕೇಳಬೇಕು. ನಿಮ್ಮ ಮಗಳ ಬಗ್ಗೆ ಅಕ್ಕೋರು ಏನಾದರೂ ಬರೆದಿಟ್ಟಿದ್ದಾರೆಯೇ ಎಂದೂ ಕೇಳಿ. ಎಷ್ಟರವರೆಗೆ ಕಾಳು ಎಣಿಸಿಕೊಡುತ್ತಾಳೆ, ಕಥೆಯಲ್ಲಿ ಮೊದಲು ಏನಾಯಿತು ಆಮೇಲೆ ಏನಾಯಿತು ಎಂದು ಹೇಳುತ್ತಾಳೆಯೇ, ಯಾರ ಜೊತೆ ಕೂಡಿ ಆಡುತ್ತಾಳೆ, ಯಾವಾಗ ಅಳುತ್ತಾಳೆ. ನಾಲ್ಕು ಸಾಲಾದರೂ ಇರಬೇಕು. ನೋಟ್‌ಬುಕ್ ಖಾಲಿ ಇದ್ದರೆ ನಡೆಯುತ್ತದೆ, ಅಕ್ಕೋರ ಪುಸ್ತಕ ಖಾಲಿ ಇದ್ದರೆ ನಡೆಯುವುದಿಲ್ಲ.

ಪರೀಕ್ಷೆಯ ಭಯಕ್ಕೆ ನೇರ ಉತ್ತರ: 2009ರ ಶಿಕ್ಷಣ ಹಕ್ಕು ಕಾಯಿದೆಯ 13ನೇ ಕಲಮಿನ ಪ್ರಕಾರ ಪ್ರವೇಶಕ್ಕಾಗಿ ಮಗುವನ್ನಾಗಲಿ ಪಾಲಕರನ್ನಾಗಲಿ ಪರೀಕ್ಷಿಸಿ ಆರಿಸುವಂತಿಲ್ಲ, ಹಾಗೆ ಮಾಡಿದರೆ ದಂಡವಿದೆ. ಸಂದರ್ಶನ ಎಂಬ ಹೆಸರಿನಲ್ಲಿ ಯಾರಾದರೂ ನಡೆಸಿದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಬರೆದು ದೂರು ಕೊಡಿ. ಅಲ್ಲದೆ ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕು. ನಿಮ್ಮ ಮಗಳಿಗೆ ಈ ವರ್ಷವೂ ಇದೆ, ಯುಕೆಜಿಯ ಇಡೀ ವರ್ಷವೂ ಇದೆ.

ಆದ್ದರಿಂದ ಶಾಲೆ ಈಗ ಬದಲಿಸಬೇಡಿ. ಅಕ್ಕೋರನ್ನು ಭೇಟಿಯಾಗಿ ಮೇಲಿನದನ್ನೆಲ್ಲ ಕೇಳಿ, ಉತ್ತರ ಸಮಾಧಾನ ಕೊಡದಿದ್ದರೆ ಆಗ ಯೋಚಿಸಿ. ಕಾಪಿ ಪುಸ್ತಕ ತರಬೇಡಿ. ಒಂದು ಪಾಟಿ, ಒಂದಿಷ್ಟು ಬಳಪ ತಂದು ಆಕೆಯ ಕೈಗೆ ಸಿಗುವಲ್ಲಿ ಇಡಿ, ಬರೆ ಎಂದು ಹೇಳಬೇಡಿ. ಸಂಜೆಯ ಆ ಹೊತ್ತಿಗೆ ಅಡುಗೆಮನೆಗೆ ಕರೆದುಕೊಳ್ಳಿ: ಬಟಾಣಿ ಸುಲಿಯಲಿ, ಊಟಕ್ಕೆ ಎಷ್ಟು ಮಂದಿ ಎಂದು ಎಣಿಸಿ ಅಷ್ಟೇ ತಾಟು ಇಡಲಿ, ಚಪಾತಿಯ ಕಣಕದಿಂದ ಬೇಕಾದ್ದು ಮಾಡಲಿ. ರಾತ್ರಿ ಅತ್ತೆಯವರು ಒಂದು ಕಥೆ ಹೇಳಲಿ, ಮರುದಿನ ಅದನ್ನೇ ಮಗಳು ಅವರಿಗೆ ತಿರುಗಿ ಹೇಳಲಿ. ಅಕ್ಕೋರು ಏನು ಹೇಳಿದರೆಂದು ನಮಗೆ ಬರೆದು ತಿಳಿಸಿ. ನಿಮ್ಮ ಹಾಗೆಯೇ ಚಿಂತಿಸುವ ಬೇರೆ ಪಾಲಕರಿಗೂ ಬೇಕಾಗುತ್ತದೆ, ಹೆಸರಿಲ್ಲದೆ ಪ್ರಕಟಿಸುತ್ತೇವೆ.

— ಸಂಪಾದಕ