ಆ ಹಾಳೆ ಎಲ್ಲರಿಗೂ ಒಪ್ಪುತ್ತೆ

ನಿಮ್ಮ ಪತ್ರದ ಒಂದು ಸಾಲು ಎರಡು ದಿನದಿಂದ ನನ್ನ ತಲೆಯಿಂದ ಹೋಗುತ್ತಿಲ್ಲ.

ನೀವು ಬರೆದದ್ದೆಲ್ಲ ಅಕ್ಕನ ಬಗ್ಗೆ. ಮೂರು ತಿಂಗಳಿಂದ ಮನೋವಿಜ್ಞಾನ ಓದುತ್ತಿದ್ದಾಳೆ. ನೀವು ಅರ್ಧ ಊಟಕ್ಕೆ ತಟ್ಟೆ ಸರಿಸಿ ಎದ್ದರೂ ಅದಕ್ಕೊಂದು ಹೆಸರಿಡುತ್ತಾಳೆ. ಯಾವುದೋ ವ್ಯಕ್ತಿತ್ವ ಪರೀಕ್ಷೆ ಮಾಡಿಸಿ, ‘ಜವಾಬ್ದಾರಿ ಕಂಡರೆ ಹಿಂಜರಿಯುವವಳು’ ಅಂತ ಎಲ್ಲರೆದುರು ಓದಿದ್ದಾಳೆ. ದಿನಾ ಜಗಳ. ಇಷ್ಟೆಲ್ಲ ಬರೆದು, ಕೊನೆಗೆ ಸುಮ್ನೆ ಸೇರಿಸಿದ ಹಾಗೆ ಒಂದು ಮಾತು: ‘ಅದು ನನಗೆ ಸರಿಯಾಗೇ ಒಪ್ಪುತ್ತಿತ್ತು, ಕೆಲಸಕ್ಕೆ ಅರ್ಜಿ ಹಾಕೋದು ಬಿಟ್ಟೆ.’

ಜಗಳ ಇರಲಿ ಬಿಡಿ. ನನಗೆ ಸಂಕಟವಾದದ್ದು ಇದಕ್ಕೆ.

ಬರ್ಟ್ರಮ್ ಫೋರರ್ ಎಂಬ ಅಮೆರಿಕದ ಮನೋವಿಜ್ಞಾನಿ ತಮ್ಮ ತರಗತಿಯ 39 ವಿದ್ಯಾರ್ಥಿಗಳಿಗೆ ಇಂಥದೇ ಒಂದು ಪರೀಕ್ಷೆ ಕೊಟ್ಟಿದ್ದರು. ಆಮೇಲೆ ಒಬ್ಬೊಬ್ಬರಿಗೂ ಅವರವರ ಹೆಸರಿದ್ದ ಫಲಿತಾಂಶದ ಹಾಳೆ ಹಂಚಿ, ಎಷ್ಟು ಸರಿಯಾಗಿದೆ ಹೇಳಿ ಅಂದರು. 5ಕ್ಕೆ ಸರಾಸರಿ 4.26 ಅಂಕ ಬಂತು! ನೋಡಿದರೆ ಎಲ್ಲರ ಹಾಳೆಯಲ್ಲೂ ಇದ್ದದ್ದು ಅದೇ ವಾಕ್ಯಗಳು. ಜಾಸ್ತಿ ಪಾಲು ಜ್ಯೋತಿಷ್ಯದ ಪುಸ್ತಕವೊಂದರಿಂದ ಎತ್ತಿದವು. 1949ರಲ್ಲಿ ಇದನ್ನು ಅವರು ಪ್ರಕಟಿಸಿದರು. ಈಗ ನೀವೇ ಹೇಳಿ, ಜವಾಬ್ದಾರಿ ಎದುರಾದಾಗ ಒಮ್ಮೆಯೂ ಹಿಂಜರಿಯದವರು ಯಾರಿದ್ದಾರೆ?

ಅಕ್ಕನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಹೊಸದಾಗಿ ಓದುವಾಗ ಪುಸ್ತಕದ ಪ್ರತಿ ಪುಟದಲ್ಲೂ ಮನೆಯವರೇ ಕಾಣುತ್ತಾರೆ. ಅವಳು ಇನ್ನೊಂದು ಪಾಠ ತಲುಪಿಲ್ಲ, ಅಷ್ಟೇ. ಬೇರೆಯವರು ಏನಾದರೂ ಮಾಡಿದರೆ ಅವರ ಸಂದರ್ಭ ನಮ್ಮ ಕಣ್ಣಿಗೆ ಬೀಳುವುದಿಲ್ಲ, ‘ಅವರ ಸ್ವಭಾವವೇ ಹಾಗೆ’ ಅಂದುಬಿಡುತ್ತೇವೆ. ಈ ತಪ್ಪಿಗೆ ಲೀ ರಾಸ್ ಎಂಬ ಮನೋವಿಜ್ಞಾನಿ 1977ರಲ್ಲಿ ಒಂದು ಹೆಸರನ್ನೇ ಕೊಟ್ಟರು. ನೀವು ತಟ್ಟೆ ಸರಿಸಿ ಎದ್ದ ದಿನ ಸಂಜೆ ‘ಆಯ್ಕೆಯಾಗಿಲ್ಲ’ ಅಂತ ಮೇಲ್ ಬಂದಿತ್ತು, ಅಲ್ವಾ? ಅದನ್ನು ಯಾರೂ ಕೇಳಲಿಲ್ಲ.

ಅಮ್ಮ ಕೇಳಬಹುದಿತ್ತು. ಅದರ ಬದಲು ‘ಓದಿದವಳು ಹೇಳ್ತಿದ್ದಾಳೆ, ಕೇಳು’ ಅಂದರು. ಸಾಲದು ಅಂತ ಆ ಫಲಿತಾಂಶವನ್ನು ಚಿಕ್ಕಮ್ಮನಿಗೂ ಫೋನಿನಲ್ಲಿ ಓದಿ ಹೇಳಿದರು. ಈ ಇಡೀ ಕತೆಯಲ್ಲಿ ನನಗೆ ಕ್ಷಮಿಸಲು ಕಷ್ಟವಾಗುತ್ತಿರುವುದು ಅವರನ್ನೇ. ಮಗಳ ಅಳುಕನ್ನು ಊರಿಗೆಲ್ಲ ಹಂಚುವುದಲ್ಲ.

ಮೊದಲು ನೋಡಬೇಕು, ಹೆಸರಿಡುವುದು ಆಮೇಲೆ ಅಂತ ಇಲ್ಲಿ ಎಷ್ಟು ಸಲ ಬರೆದಿದ್ದೇನೋ. ಅಕ್ಕ ಓದುತ್ತಿರುವ ಈ ಮನೋವಿಜ್ಞಾನ ಶುರುವಾದದ್ದೇ ಹಾಗೆ. 1879ರಲ್ಲಿ ವಿಲ್ಹೆಲ್ಮ್ ವುಂಟ್ ಎಂಬ ವಿಜ್ಞಾನಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ತೆರೆದ ಪ್ರಯೋಗಾಲಯದಲ್ಲಿ ಶಬ್ದ ಕೇಳಿದ ಮೇಲೆ ಕೈ ಅಲುಗಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಕೂತು ಅಳೆಯುತ್ತಿದ್ದರು. ನಿಮ್ಮ ವಿಷಯದಲ್ಲಿ ಕಣ್ಣಿಗೆ ಕಾಣುವುದೇನು? ಹನ್ನೊಂದು ಕಡೆ ಅರ್ಜಿ ಹಾಕಿದ್ದೀರಿ, ನಾಲ್ಕು ಸಂದರ್ಶನಕ್ಕೆ ಹೋಗಿ ಬಂದಿದ್ದೀರಿ. ಹಿಂಜರಿಯುವವರು ಮಾಡುವ ಕೆಲಸವಾ ಇದು?

ಹನ್ನೆರಡನೆಯ ಅರ್ಜಿ ಅರ್ಧ ತುಂಬಿ ಇಟ್ಟಿದ್ದೇನೆ ಅಂದಿದ್ದೀರಿ. ಈ ವಾರವೇ ಪೂರ್ತಿ ಮಾಡಿ ಕಳಿಸಿ. ಕಳಿಸುವವರೆಗೆ ಮನೆಯಲ್ಲಿ ಯಾರಿಗೂ ಹೇಳಬೇಡಿ. ಅಮ್ಮನಿಗಂತೂ ಬೇಡವೇ ಬೇಡ.