ಪುಣೆಯಲ್ಲಿ 2012ರ ಡೀಸೆಲ್ ಎಸ್‌ಯುವಿ ತಗೊಂಡರೆ ರಿಪೇರಿಗೆ ವರ್ಷಕ್ಕೆ ಎಷ್ಟು ಹೋಗುತ್ತದೆ?

ಮೇಲಿನ ಪ್ರಶ್ನೆ ಕೇಳಿದವರೇ, ನೀವು ಬರೆದದ್ದು ಓದಿದೆ. ಪುಣೆಯ ವಾಕಡ್‌ನಲ್ಲಿ ಮನೆ, ಬೆಳಗಾವಿಯಲ್ಲಿ ಅಪ್ಪ-ಅಮ್ಮ, ಕೈಯಲ್ಲಿ ಐದು ಲಕ್ಷ, ಕಣ್ಣು ಮಾತ್ರ ಏಳು ಸೀಟಿನ ಗಾಡಿಯ ಮೇಲೆ. ಬೆಳಗಾವಿ ತೆಗೆದು ಹುಬ್ಬಳ್ಳಿ ಅಂತ ಬರೆದರೆ ಅದು ನಾನೇ.

ನನ್ನ ಗಾಡಿಯ ಕಂಪನಿ ಹೆಸರು ಬೇಡ. ಅದರದ್ದೇನೂ ತಪ್ಪಿರಲಿಲ್ಲ. ಭೋಸರಿ ಕಡೆ ಒಬ್ಬ ಡೀಲರ್ ಹತ್ತಿರ ಸಿಕ್ಕಿತು. ಕೆಡಬಹುದಾದ ಭಾಗಗಳನ್ನು ನೀವು ಪಟ್ಟಿ ಮಾಡಿದ್ದೀರಲ್ಲ, ಎಂಜಿನ್‌ಗೆ ಗಾಳಿ ತಳ್ಳುವ ಟರ್ಬೊ, ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್, ಕ್ಲಚ್ ಅಂತ, ನಾನೂ ಅವಕ್ಕೇ ಹೆದರಿದ್ದು. ಟರ್ಬೊ ಶಿಳ್ಳೆ ಹೊಡೆಯುತ್ತದಾ ಅಂತ ಕಿವಿಗೊಟ್ಟೆ. ಹೊಗೆ ನೋಡಿದೆ. ಗೇರ್ ಹಾಕಿ ತೆಗೆದೆ. ಎಲ್ಲ ಸರಿ ಇತ್ತು. ಎಂಜಿನ್ ತಣ್ಣಗಿಡುವ ದ್ರವ, ಅಂದರೆ ಕೂಲಂಟ್, ಅದರ ಡಬ್ಬಿಯ ಮುಚ್ಚಳ ಮಾತ್ರ ತೆಗೆಯಲಿಲ್ಲ.

ಗಾಡಿ ಮನೆಗೆ ಬಂದ ಮೇಲೆ ಕೂಲಂಟ್ ನಿಧಾನವಾಗಿ ಕಮ್ಮಿಯಾಗುತ್ತಿತ್ತು. ನೆಲದ ಮೇಲೆ ಒಂದು ಹನಿ ಇಲ್ಲ. ಮನೆ ಹತ್ತಿರದ ಮೆಕ್ಯಾನಿಕ್‌ಗೆ ತೋರಿಸಿದೆ. 'ಪಾಣಿ ಟಾಕಾ, ಕಾಯ್ ನಾಹೀ ಹೋತ ಸಾಹೇಬ' ಅಂದ, ನೀರು ಹಾಕಿ, ಏನೂ ಆಗಲ್ಲ ಅಂತ. ನೀರು ಹಾಕಿದೆ. ಯಾವ ನೀರು? ನಮ್ಮ ಸೊಸೈಟಿಗೆ ಬರುವ ಟ್ಯಾಂಕರ್ ನೀರು, ಬಕೆಟ್ಟಿಗೆಲ್ಲ ಬಿಳಿ ಪೊರೆ ಕಟ್ಟುವಂಥದ್ದು. ಅದೇ ಪೊರೆ ಕೂಲಂಟ್ ತಣಿಸುವ ರೇಡಿಯೇಟರ್ ಒಳಗಿನ ಸಣ್ಣ ನಳಿಗೆಗಳಲ್ಲೂ ಕಟ್ಟುತ್ತದೆ. ಕೂಲಂಟ್ ಅಂದರೆ ಬರೀ ಬಣ್ಣದ ನೀರಲ್ಲ. ಅದರಲ್ಲಿರುವ ಗ್ಲೈಕಾಲ್ ಕುದಿಯುವುದನ್ನು ತಡ ಮಾಡುತ್ತದೆ, ಬೇರೆ ರಾಸಾಯನಿಕಗಳು ತುಕ್ಕು ತಡೆಯುತ್ತವೆ. ಮುಚ್ಚಳ ಕೂಡ ಸುಮ್ನೆ ಇರುವುದಲ್ಲ. ಕುಕ್ಕರ್ ಹಾಗೆ ಒತ್ತಡ ಹಿಡಿದಿಟ್ಟುಕೊಳ್ಳುತ್ತದೆ. ಒತ್ತಡ ಸೋರಿದರೆ ನೀರು ಬೇಗ ಕುದಿಯುತ್ತದೆ. ನನ್ನದರಲ್ಲಿ ರೇಡಿಯೇಟರ್‌ನ ಪ್ಲಾಸ್ಟಿಕ್ ಟ್ಯಾಂಕ್ ಅಂಚಿನಲ್ಲಿ ಕೂದಲೆಳೆಯಷ್ಟು ಸೀಳಿತ್ತು. ಎಂಜಿನ್ ಬಿಸಿಯಾದಾಗ ಮಾತ್ರ ಸೋರುತ್ತಿತ್ತು, ಅಲ್ಲೇ ಆವಿಯಾಗುತ್ತಿತ್ತು. ಹಾಗಾಗಿ ನೆಲದ ಮೇಲೆ ಹನಿ ಇಲ್ಲ. ಆಗಲೇ ರೇಡಿಯೇಟರ್ ಬದಲಿಸಿದ್ದರೆ ಸುಮಾರು 9,000ದಲ್ಲಿ ಮುಗಿಯುತ್ತಿತ್ತು.

ಮೇ ತಿಂಗಳು. ಮನೆಯವರೆಲ್ಲ ಸೇರಿ ಹುಬ್ಬಳ್ಳಿಗೆ ಹೊರಟೆವು. ಎಸಿ ಫುಲ್, ಮೇಲೆ ಲಗೇಜ್. ಪುಣೆಯಿಂದ ಸಾತಾರಾ ಕಡೆ ಹೋಗುವಾಗ ಖಂಬಾಟ್ಕಿ ಘಾಟ್ ಹತ್ತಲೇಬೇಕಿತ್ತು. ಅಲ್ಲಿದ್ದ ಸುರಂಗ ಆಗ ಪುಣೆಗೆ ವಾಪಸ್ ಬರುವವರಿಗೆ ಮಾತ್ರ ಇತ್ತು. ಲಾರಿಗಳ ಹಿಂದೆ ಎರಡನೇ ಗೇರ್‌ನಲ್ಲಿ ತೆವಳುತ್ತಿರುವಾಗ ಟೆಂಪರೇಚರ್ ಸೂಜಿ ಮೇಲೆ ಹೋಯಿತು. ಎಸಿ ಬಂದ್ ಮಾಡಿದೆ. ಎಲ್ಲೋ ಓದಿದ ನೆನಪು, ಹೀಟರ್ ಹಾಕಿದರೆ ಎಂಜಿನ್ ಬಿಸಿ ಸ್ವಲ್ಪ ಇಳಿಯುತ್ತದೆ ಅಂತ. ಹಾಕಿದೆ. ಬಿಸಿ ಗಾಳಿ ಬರಲೇ ಇಲ್ಲ. ಹಿಂದೆ ಕೂತವರಿಗೆ ಸಮಾಧಾನ. ಅಷ್ಟರಲ್ಲಿ ಸೂಜಿ ತಾನಾಗಿಯೇ ಕೆಳಗೆ ಇಳಿಯಿತು. ನಾನು ನಿಟ್ಟುಸಿರು ಬಿಟ್ಟು ಗಾಡಿ ಓಡಿಸಿದೆ.

ಇದೊಂದನ್ನು ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಸೂಜಿಗೆ ಗೊತ್ತಾಗುವುದು ಎಂಜಿನ್‌ನ ಬಿಸಿಯಲ್ಲ, ಸೆನ್ಸರ್ ಸುತ್ತ ಇರುವ ಕೂಲಂಟ್‌ನ ಬಿಸಿ. ಕೂಲಂಟೇ ಖಾಲಿಯಾದರೆ ಸೆನ್ಸರ್ ಬರೀ ಗಾಳಿಯಲ್ಲಿ ನಿಂತಿರುತ್ತದೆ. ಆಗ ಸೂಜಿ ಇಳಿಯಬಹುದು, ಒಳಗೆ ಲೋಹ ಕಾಯುತ್ತಲೇ ಇರುತ್ತದೆ. ಹೀಟರ್ ಕಥೆಯೂ ಅದೇ. ಹೀಟರ್‌ಗೆ ಬಿಸಿ ಬರುವುದು ಅದೇ ಕೂಲಂಟ್‌ನಿಂದ. ಎಂಜಿನ್ ಕುದಿಯುತ್ತಿದೆ, ಹೀಟರ್‌ನಲ್ಲಿ ಬಿಸಿ ಇಲ್ಲ ಅಂದರೆ ಒಳಗೆ ಕೂಲಂಟ್ ಖಾಲಿಯಾಗಿರುವ ಸಾಧ್ಯತೆ ಹೆಚ್ಚು. ಎರಡು ಸಲ ಗಾಡಿ ನನಗೆ ಹೇಳಿತು. ಎರಡು ಸಲವೂ ನಾನು ಒಳ್ಳೆ ಸುದ್ದಿ ಅಂದುಕೊಂಡೆ. ಘಾಟ್ ಬದಿಯಲ್ಲಿ ನಿಲ್ಲಿಸಿ ಎಂಜಿನ್ ಆಫ್ ಮಾಡಿದ್ದರೆ ಬಹುಶಃ ಎಂಜಿನ್ ಮೇಲೆ ಮುಚ್ಚಳದಂತೆ ಕೂರುವ ಹೆಡ್ ಉಳಿಯುತ್ತಿತ್ತು. ಅದು ಅಲ್ಯೂಮಿನಿಯಂ. ಅತಿ ಬಿಸಿಗೆ ಸೊಟ್ಟಗಾಗುತ್ತದೆ, ಅದರ ಕೆಳಗೆ ಸೋರದಂತೆ ತಡೆಯುವ ಗ್ಯಾಸ್ಕೆಟ್ ಹೋಗುತ್ತದೆ, ನೀರು-ಆಯಿಲ್ ಬೆರೆಯುತ್ತದೆ.

ಘಾಟ್ ಇಳಿದು ಸುರೂರ್ ಅನ್ನುವ ಊರು ದಾಟುವಾಗ ಪಿಕಪ್ ಸತ್ತಿತು. ಬಾನೆಟ್ ಸುತ್ತ ಬಿಳಿ ಹೊಗೆ. ಟೋ ಮಾಡಿಸಿ ಸಾತಾರಾಕ್ಕೆ ಒಯ್ದೆವು. ಸೊಟ್ಟಗಾದ ಹೆಡ್ ಉಜ್ಜಿ ಮಟ್ಟ ಮಾಡುವ ಫೇಸಿಂಗ್, ಗ್ಯಾಸ್ಕೆಟ್, ಹೊಸ ಹೆಡ್ ಬೋಲ್ಟ್, ರೇಡಿಯೇಟರ್, ವಾಟರ್ ಪಂಪ್, ಥರ್ಮೋಸ್ಟಾಟ್, ಪೈಪುಗಳು, ಆಯಿಲ್, ಟೋ, ಕೂಲಿ ಎಲ್ಲ ಸೇರಿ 83,000. ಊರಿಗೆ ಬಸ್ಸಿನಲ್ಲಿ ಹೋದೆವು.

ಈಗ ನಿಮ್ಮ ಪ್ರಶ್ನೆ. 'ವರ್ಷಕ್ಕೆ ಎಷ್ಟು' ಅನ್ನುವ ಲೆಕ್ಕವನ್ನೇ ಬಿಡಿ. ಹಳೆ ಗಾಡಿ ಕಂತಿನಲ್ಲಿ ದುಡ್ಡು ಕೇಳುವುದಿಲ್ಲ. ಒಮ್ಮೆಲೇ ಕೇಳುತ್ತದೆ, ಅದೂ ಮೊದಲ ವರ್ಷದಲ್ಲೇ. ಯಾಕೆಂದರೆ ಎಷ್ಟೋ ಮಾಲೀಕರು ಮಾರುವುದೇ ಕ್ಲಚ್, ಟೈರ್, ಸಸ್ಪೆನ್ಶನ್ ಖರ್ಚು ಎದುರಿಗೆ ನಿಂತಾಗ. ನನಗೆ ಕ್ಲಚ್ ಜೊತೆ ಡ್ಯುಯಲ್ ಮಾಸ್ ಫ್ಲೈವೀಲ್, ಅಂದರೆ ಎಂಜಿನ್ ನಡುಕ ತಡೆಯುವ ಭಾರದ ಚಕ್ರ, ಸೇರಿ 46,000 ಬಿತ್ತು. ಸಸ್ಪೆನ್ಶನ್‌ನ ನಾಲ್ಕು ಶಾಕರ್, ಲೋವರ್ ಆರ್ಮ್ ಬುಷ್, ಲಿಂಕ್ ರಾಡ್‌ಗೆ 31,000. ನಾಲ್ಕು ಇಂಜೆಕ್ಟರ್ ರಿಪೇರಿಗೆ 28,000. ಅದೂ ಪುಣೆಯ ನಾನಾ ಪೇಠೆಯಲ್ಲಿ ನಾನೇ ಸುತ್ತಾಡಿ ಪಾರ್ಟ್ಸ್ ತಂದು ಕೊಟ್ಟಿದ್ದಕ್ಕೆ ಇಷ್ಟರಲ್ಲಿ ಮುಗಿಯಿತು. ಹೆದರಿದ್ದ ಟರ್ಬೊ ಮಾತ್ರ ಇವತ್ತಿಗೂ ಗಟ್ಟಿಯಾಗಿದೆ.

ಹಾಗಾಗಿ ಐದು ಲಕ್ಷದ ಗಾಡಿ ನೋಡಬೇಡಿ. ಮೂರೂವರೆಯದ್ದು ನೋಡಿ, ಒಂದೂವರೆ ಬ್ಯಾಂಕಿನಲ್ಲಿ ಇರಲಿ. ಅಷ್ಟರಲ್ಲಿ ಒಳ್ಳೆಯದು ಸಿಗದಿದ್ದರೆ ಚಿಕ್ಕ ಪೆಟ್ರೋಲ್ ಗಾಡಿ ತಗೊಳ್ಳಿ. ಬೆಳಗಾವಿಗೆ ಅದೂ ಹೋಗುತ್ತದೆ.

ಯಾವ ಮಾಡೆಲ್‌ನಲ್ಲಿ ಏನು ತೊಂದರೆ ಅನ್ನುವ ಪಟ್ಟಿಯನ್ನೂ ಅತಿ ನಂಬಬೇಡಿ. ಆ ಒಂದು ಗಾಡಿಯನ್ನು ನೋಡಿ. ಬೆಳಿಗ್ಗೆ ಬೇಗ ಹೋಗಿ, ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿ. ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಅಂತ, ವಾಪಸ್ ಬನ್ನಿ, ಜಗಳ ಬೇಡ. ಎಂಜಿನ್ ತಣ್ಣಗಿರುವಾಗಲೇ ಕೂಲಂಟ್ ಮುಚ್ಚಳ ತೆಗೆಯಿರಿ. ಬಿಸಿಯಿದ್ದಾಗ ತೆಗೆದರೆ ಕೈ-ಮುಖ ಸುಟ್ಟುಕೊಳ್ಳುತ್ತೀರಿ. ಒಳಗೆ ತುಕ್ಕಿನ ಬಣ್ಣ ಅಥವಾ ಎಣ್ಣೆ ಪದರ ಕಂಡರೆ ಬೇಡ. ಆಯಿಲ್ ಮುಚ್ಚಳದ ಒಳಗೆ ಕೆನೆಯಂಥದ್ದು ಅಂಟಿದ್ದರೂ ಬೇಡ. ಎಂಜಿನ್ ಆಫ್ ಮಾಡುವಾಗ ಕೆಳಗಿಂದ ಕಟಕಟ ಅಂದರೆ ಫ್ಲೈವೀಲ್ ಖರ್ಚು ಬೆಲೆಯಲ್ಲಿ ಕಳೆಯಿರಿ. ಟೈರ್ ಮೇಲಿನ ನಾಲ್ಕು ಅಂಕಿ ಓದಿ, ಮೊದಲ ಎರಡು ಅಂಕಿ ಅದು ತಯಾರಾದ ವಾರ, ಕೊನೆಯ ಎರಡು ಅಂಕಿ ವರ್ಷ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ ಬದಲಿಸಿದ ಬಿಲ್ ಕೇಳಿ. ಬಾಯಿ ಮಾತು ಸಾಲದು.

ದೆಹಲಿ ಪಾಸಿಂಗ್, ಅಂದರೆ ಅಲ್ಲಿ ನೋಂದಣಿಯಾದ ಗಾಡಿ ಅಗ್ಗಕ್ಕೆ ಸಿಗುತ್ತಿದೆ ಅಂತಲೂ ಬರೆದಿದ್ದಿರಿ. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ ನಿರ್ಬಂಧ ಬಂದಿದ್ದಕ್ಕೆ ಬಹಳಷ್ಟು ಬೇರೆ ರಾಜ್ಯಗಳಿಗೆ ಹೋದವು. ಅಲ್ಲಿನ ನಿರಾಕ್ಷೇಪಣಾ ಪತ್ರ (ಎನ್‌ಒಸಿ), ಇಲ್ಲಿನ ಟ್ಯಾಕ್ಸ್, ಆರ್‌ಟಿಒ ಓಡಾಟ ಸೇರಿಸಿದರೆ ಆ ಅಗ್ಗ ಉಳಿಯುವುದಿಲ್ಲ. ಪುಣೆಯ ಎಂಎಚ್ 12 ಅಥವಾ ಪಿಂಪ್ರಿ-ಚಿಂಚವಡದ ಎಂಎಚ್ 14 ನಂಬರಿನದ್ದು ನೋಡಿ.

2012ರ ಗಾಡಿಗೆ 2027ಕ್ಕೆ ಹದಿನೈದು ವರ್ಷ. ಆಮೇಲೆ ಐದೈದು ವರ್ಷಕ್ಕೆ ರಿಜಿಸ್ಟ್ರೇಶನ್ ನವೀಕರಣ. ಮೊದಲು 600 ರೂಪಾಯಿ ಇದ್ದ ಆ ಫೀ 2022ರ ಏಪ್ರಿಲ್‌ನಲ್ಲಿ 5,000 ಆಯಿತು. ಹಳೆ ಗಾಡಿಗಳ ಮೇಲಿನ ಮಹಾರಾಷ್ಟ್ರದ ಹಸಿರು ತೆರಿಗೆ ಬೇರೆ. ಚೌಕಾಸಿ ಮಾಡುವಾಗ ಇದನ್ನೂ ಎತ್ತಿ, ಡೀಲರ್‌ಗಳು ತಾವಾಗಿ ಎತ್ತುವುದಿಲ್ಲ.