ಗುರೆಟ್ಸ್ಕಿಯ ಮೂರನೇ ಸಿಂಫನಿ: ಮೊದಲ ಭಾಗ ಹಾರಿಸಬಹುದಾ?

ನಿಮ್ಮ ಪ್ರಶ್ನೆ ಇಷ್ಟು, ಅಲ್ವಾ: ಪೋಲೆಂಡಿನ ಸಂಗೀತಕಾರ ಹೆನ್ರಿಕ್ ಗುರೆಟ್ಸ್ಕಿಯ ಮೂರನೇ ಸಿಂಫನಿಯನ್ನು (ವಾದ್ಯವೃಂದಕ್ಕೆ ಬರೆದ, ಮೂರು ಭಾಗಗಳ ದೊಡ್ಡ ಕೃತಿ) ಎಲ್ಲರೂ ಹೊಗಳುತ್ತಾರೆ, ಹಾಕಿದರೆ ಶುರುವಲ್ಲಿ ಏನೂ ಕೇಳಿಸೋದೇ ಇಲ್ಲ, ನೇರವಾಗಿ ಎರಡನೇ ಭಾಗಕ್ಕೆ ಹೋಗಬಹುದಾ? ಹೋಗಬಹುದು. ಬಹಳ ಜನ ಹಾಗೇ ಮಾಡುತ್ತಾರೆ. ನಾನಾದರೆ ಬೇಡ ಅಂತೀನಿ.

ಫೋನ್ ಸ್ಪೀಕರ್‌ನಲ್ಲಿ ಕೇಳುತ್ತಿದ್ದೀರಾ? ಹಾಗಿದ್ದರೆ ಕೇಳಿಸದೇ ಇರೋದು ಸಹಜ. ಈ ಕೃತಿ ಶುರುವಾಗುವುದು ಬರೀ ಡಬಲ್ ಬಾಸ್‌ಗಳಿಂದ (ವಯೊಲಿನ್ ಕುಟುಂಬದ ಅತಿ ದೊಡ್ಡ, ಅತಿ ಮಂದ್ರದ ವಾದ್ಯ), ಅದೂ ಪಿಸುಮಾತಿನಷ್ಟು ಮೆಲ್ಲಗೆ. ಆ ವಾದ್ಯದ ಅತಿ ಮಂದ್ರದ ತಂತಿ 41 ಹರ್ಟ್ಜ್ ಆಸುಪಾಸಿನದು, ಫೋನಿನ ಪುಟ್ಟ ಸ್ಪೀಕರ್ ಅಷ್ಟು ಕೆಳಗೆ ಇಳಿಯೋದೇ ಇಲ್ಲ. ಹೆಡ್‌ಫೋನ್ ಹಾಕಿ, ಫ್ಯಾನ್ ಆರಿಸಿ. ಆದರೆ ಕೇಳಿಸ್ತಿಲ್ಲ ಅಂತ ವಾಲ್ಯೂಮ್ ಪೂರ್ತಿ ಏರಿಸಿಬಿಟ್ಟರೆ ಹತ್ತು ನಿಮಿಷದಲ್ಲಿ ಪಶ್ಚಾತ್ತಾಪ ಪಡುತ್ತೀರಿ.

ಯಾವ ರೆಕಾರ್ಡಿಂಗ್ ಕೇಳಬೇಕು ಅಂದರೆ, ನಾನ್‌ಸಚ್ ಕಂಪನಿ 1992ರಲ್ಲಿ ತಂದದ್ದು. ಹಾಡಿದವರು ಡಾನ್ ಅಪ್‌ಶಾ, ನಡೆಸಿದವರು ಡೇವಿಡ್ ಜಿನ್‌ಮನ್, ವಾದ್ಯವೃಂದ ಲಂಡನ್ ಸಿನ್‌ಫೋನಿಯೆಟ್ಟಾ. ಸಿಂಫನಿ ಬರೆದದ್ದು 1976ರಲ್ಲಿ, ಮೊದಲು ನುಡಿಸಿದ್ದು 1977ರಲ್ಲಿ ಫ್ರಾನ್ಸಿನ ರುವಾಯಾಂ ಉತ್ಸವದಲ್ಲಿ. ಅಲ್ಲಿದ್ದ ಹೊಸ ಸಂಗೀತದ ವಿಮರ್ಶಕರಿಗೆ ಇದು ಹಿಡಿಸಲೇ ಇಲ್ಲ. ಹದಿನೈದು ವರ್ಷ ಕಳೆದ ಮೇಲೆ ಈ ಡಿಸ್ಕ್ ಬ್ರಿಟನ್ನಿನ ಪಾಪ್ ಆಲ್ಬಮ್ ಪಟ್ಟಿಯಲ್ಲಿ 6ನೇ ಜಾಗಕ್ಕೆ ಏರಿತು, ಹತ್ತು ಲಕ್ಷಕ್ಕೂ ಜಾಸ್ತಿ ಪ್ರತಿ ಹೋಯಿತು. ಆಗಷ್ಟೇ ಶುರುವಾಗಿದ್ದ ಕ್ಲಾಸಿಕ್ ಎಫ್‌ಎಂ ರೇಡಿಯೋ ಇದನ್ನು ಬಿಡದೆ ಹಾಕಿದ್ದೂ ಒಂದು ಕಾರಣ. ರೇಡಿಯೋದವರು ಹೆಚ್ಚಾಗಿ ಹಾಕಿದ್ದು ಎರಡನೇ ಭಾಗವನ್ನೇ. ಒಂಬತ್ತು ನಿಮಿಷ ತಾನೆ, ಅನುಕೂಲ!

ಆದರೆ ಇಡೀ ಸಿಂಫನಿಯ ಅಡಿಪಾಯ ಇರುವುದು ಮೊದಲ ಭಾಗದಲ್ಲಿ. ಸುಮಾರು 26 ನಿಮಿಷ. ಬಾಸ್‌ಗಳು 24 ಬಾರ್ (ನಮ್ಮ ತಾಳದ ಆವರ್ತದಂಥ ಅಳತೆ) ಉದ್ದದ ಒಂದು ಧಾಟಿ ನುಡಿಸುತ್ತವೆ, ಆಮೇಲೆ ಇನ್ನೊಂದು ಗುಂಪು ಅದೇ ಧಾಟಿಯನ್ನು ಪಂಚಮದಿಂದ (ಐದನೇ ಸ್ವರ, ಪ) ಎತ್ತಿಕೊಳ್ಳುತ್ತದೆ, ಮೊದಲಿನವರು ನಿಲ್ಲಿಸೋದಿಲ್ಲ, ಮತ್ತೊಂದು ಗುಂಪು ಅದರ ಪಂಚಮದಿಂದ, ಹೀಗೆ ಚೆಲ್ಲೊ, ವಯೋಲಾ, ವಯೊಲಿನ್ ಅಂತ ಎಂಟು ಧಾರೆ ಸೇರುವ ಹೊತ್ತಿಗೆ ಅದೇ ಸರಳ ಧಾಟಿ ಕೋಣೆ ತುಂಬಿಕೊಂಡಿರುತ್ತದೆ. ಕರ್ನಾಟಕ ಸಂಗೀತದ ಕಿವಿ ಇದ್ದರೆ ಇಲ್ಲೊಂದು ಮಜಾ ಇದೆ. ಮೂಲ ಧಾಟಿಯ ಸ್ವರಗಳು ನಮ್ಮ ನಟಭೈರವಿ ರಾಗದವು. ಎರಡನೇ ಗುಂಪು ಸ್ವರಗಳನ್ನು ಬದಲಿಸದೆ ಪಂಚಮವನ್ನೇ ಷಡ್ಜ (ಮೊದಲ ಸ್ವರ, ಸ) ಮಾಡಿಕೊಳ್ಳುತ್ತದೆ. ಹೀಗೆ ಷಡ್ಜ ಬದಲಿಸಿ ಬೇರೆ ರಾಗ ಹುಟ್ಟಿಸುವ ಗ್ರಹಭೇದ ಗೊತ್ತಿದ್ದವರು ಲೆಕ್ಕ ಹಾಕಿ: ತೋಡಿ ರಾಗ! ಸ್ವರಗಳನ್ನು ತೂಗಾಡಿಸುವ ಗಮಕ ಇಲ್ಲ, ಹಾಗಾಗಿ ತೋಡಿಯ ಭಾವ ಹುಡುಕಬೇಡಿ. ಆದರೆ ಒಂದೇ ಏಳು ಸ್ವರಗಳು ಪ್ರತಿ ಸಲವೂ ಬೇರೆ ಮುಖ ತೋರಿಸುವುದು ಮಾತ್ರ ಕಿವಿಗೆ ಸಿಗುತ್ತದೆ.

ನಡುವೆ ಎಲ್ಲಾ ಧಾರೆಗಳೂ ಒಂದೇ ಸ್ವರಕ್ಕೆ ಬಂದು ನಿಲ್ಲುತ್ತವೆ. ಅದರ ಮೇಲೆ ಹೆಣ್ಣುದನಿ. 15ನೇ ಶತಮಾನದ ಪೋಲಿಷ್ ಪ್ರಲಾಪ, ಶಿಲುಬೆ ಮೇಲಿರುವ ಮಗ ಯೇಸುವಿಗೆ ತಾಯಿ ಮರಿಯ ಹೇಳುವುದು: ನಿನ್ನ ಗಾಯಗಳನ್ನು ಅಮ್ಮನ ಜೊತೆ ಹಂಚಿಕೋ ಅಂತ. ಅಷ್ಟು ಹೊತ್ತು ಕಾಯದೆ ನೇರ ಇಲ್ಲಿಗೇ ಬಂದರೆ ಇದು ಒಂದು ಒಳ್ಳೆ ಹಾಡು, ಅಷ್ಟೇ. ಹಾಡು ಮುಗಿದ ಮೇಲೆ ಧಾರೆಗಳು ಒಂದೊಂದಾಗಿ ಕಳಚಿಕೊಂಡು ಮತ್ತೆ ಬಾಸ್‌ಗೆ ಇಳಿಯುತ್ತವೆ.

ಇದಾದ ಮೇಲೆ ಎರಡನೇ ಭಾಗ ಕೇಳಿ. ಶುರುವಲ್ಲಿ ಷಡ್ಜ-ಪಂಚಮದ ಶ್ರುತಿ, ಅದರ ಮೇಲೆ ಬೆಳಕಿನ ಮೂರು ಸ್ವರ, ತಕ್ಷಣ ಕೆಳಗೆ ಕತ್ತಲಿಗೆ ಬಿದ್ದ ಹಾಗೆ. ಸಾಹಿತ್ಯ ಪೋಲೆಂಡಿನ ಜಾಕೊಪಾನೆ ಊರಲ್ಲಿ ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊದ ಸೆರೆಕೋಣೆಯ ಗೋಡೆ ಮೇಲೆ ಸಿಕ್ಕಿದ್ದು. ಬರೆದವಳು ಹೆಲೆನಾ ಬ್ವಾಜುಸ್ಯಾಕುವ್ನಾ, 18 ವರ್ಷದ ಹುಡುಗಿ, 1944ರ ಸೆಪ್ಟೆಂಬರ್. ಶಾಪ ಇಲ್ಲ, ಸೇಡಿನ ಮಾತಿಲ್ಲ. ಅಮ್ಮಾ ಅಳಬೇಡ ಅನ್ನುತ್ತಾಳೆ, ಆಮೇಲೆ ಪ್ರಾರ್ಥನೆ, ಅಷ್ಟೇ. ಇದರಿಂದಾಗಿಯೇ ಇಡೀ ಸಿಂಫನಿ ಹೊಲೊಕಾಸ್ಟ್ (ನಾಜಿಗಳು ನಡೆಸಿದ ಯಹೂದಿಗಳ ನರಮೇಧ) ಬಗ್ಗೆ ಅಂತ ಎಷ್ಟೋ ಜನ ಸುಮ್ನೆ ಬರೆದುಬಿಡುತ್ತಾರೆ. ಮೂರನೇ ಭಾಗದ್ದು ಪೋಲೆಂಡಿನ ಒಪೊಲೆ ಸೀಮೆಯ ಜನಪದ ಹಾಡು, ಸೈಲೀಸಿಯಾದ ದಂಗೆಯಲ್ಲಿ ಸತ್ತ ಮಗನನ್ನು ತಾಯಿ ಹುಡುಕುವುದು. ಮೂರರಲ್ಲೂ ಇರುವುದು ತಾಯಿ ಮತ್ತು ಮಗು. ಗುರೆಟ್ಸ್ಕಿಗೆ ಎರಡು ವರ್ಷ ತುಂಬಿದ ದಿನವೇ ಅವರ ತಾಯಿ ತೀರಿಕೊಂಡಿದ್ದರು ಅನ್ನೋದನ್ನೂ ತಿಳಿದುಕೊಂಡಿರಿ.

ಮೂರನೇ ಭಾಗ ನನಗೆ ಸ್ವಲ್ಪ ಎಳೆದ ಹಾಗೆ ಅನಿಸುತ್ತದೆ. ಶುರುವಿನ ತೂಗಾಟ ಪೋಲೆಂಡಿನವನೇ ಆದ ಶೋಪ್ಯಾನ್‌ನ ಒಂದು ಮಜುರ್ಕಾದಿಂದ (ಪೋಲಿಷ್ ಕುಣಿತದ ಧಾಟಿಯ ಪಿಯಾನೋ ಕೃತಿ) ಬಂದದ್ದು, ಚೆನ್ನಾಗಿದೆ. ಆದರೆ 17 ನಿಮಿಷ!

ಇದು ಹಿಡಿಸಿದರೆ 1960ರಲ್ಲಿ ಗುರೆಟ್ಸ್ಕಿಯೇ ಬರೆದ ಸ್ಕೊಂತ್ರಿ ಅನ್ನೋ ವಾದ್ಯವೃಂದದ ಕೃತಿ ಹಾಕಿ, ವಾಲ್ಯೂಮ್ ಇಳಿಸಿಕೊಂಡು. ಅದೇ ವರ್ಷದ್ದು ಇನ್ನೊಬ್ಬ ಪೋಲಿಷ್ ಸಂಗೀತಕಾರ ಪೆಂಡೆರೆಟ್ಸ್ಕಿಯ ಹಿರೋಷಿಮಾ ಶೋಕಗೀತೆಯೂ ಇದೆ, 52 ತಂತಿವಾದ್ಯಗಳ ಕಿರುಚಾಟ. ಸ್ಕೊಂತ್ರಿಯಲ್ಲಿ ಅಷ್ಟು ಗದ್ದಲ ಮಾಡಿದ ಗುರೆಟ್ಸ್ಕಿಯೇ ಈ ಸಿಂಫನಿಯನ್ನು ಇಷ್ಟು ಮೆಲ್ಲಗೆ ಬರೆದರಾ ಅಂತ ನಂಬೋಕೆ ಆಗಲ್ಲ.